ಐಸಿನಂಥ ಸಮುದ್ರದಲ್ಲಿ ಪಾಚಿಯ ಮೇಲೆ ಬೂಷ್ಟು ಬದುಕುವುದು ಹೇಗೆ?

ನಿಮ್ಮ ಪ್ರಶ್ನೆ ಇದು: ಬೂಷ್ಟು ಬರಬಾರದು ಅಂತಲೇ ಪದಾರ್ಥಗಳನ್ನು ಫ್ರಿಜ್‌ನಲ್ಲಿ ಇಡುತ್ತೇವೆ. ಹಾಗಿದ್ದರೆ ಅಂಟಾರ್ಕ್ಟಿಕಾದ ಕಡಲಪಾಚಿಯ ಮೇಲೆ ಅದು ಹೇಗೆ ಬದುಕುತ್ತದೆ, ಅಲ್ಲಿ ಏನು ಮಾಡುತ್ತದೆ?

ಫ್ರಿಜ್‌ನ ಮೂಲೆಯಲ್ಲಿ ಮರೆತುಬಿಟ್ಟ ನಿಂಬೆಹಣ್ಣನ್ನು ಒಮ್ಮೆ ನೋಡಿ. ಹಸಿರು ಬೂಷ್ಟು ಹಿಡಿದಿರುತ್ತದೆ, ಅಲ್ವಾ? ಚಳಿ ಬೂಷ್ಟನ್ನು ಕೊಲ್ಲುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೆ. ಧ್ರುವದ ಸಮುದ್ರ ಇನ್ನೂ ತಣ್ಣಗೆ. ಉಪ್ಪು ಇರುವುದರಿಂದ ಆ ನೀರು ಸುಮಾರು ಮೈನಸ್ 1.8 ಡಿಗ್ರಿ ಸೆಲ್ಸಿಯಸ್‌ವರೆಗೂ ಗಟ್ಟಿಯಾಗುವುದಿಲ್ಲ.

ನಾನು ಮಂಡ್ಯದಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಡಿಸೆಂಬರ್‌ನಲ್ಲಿ ಈ ವಿಷಯ ಬಂದಾಗ ಮನೆಯಿಂದ ಎರಡು ಬಾಟಲಿ ಒಯ್ಯುತ್ತೇನೆ. ಒಂದರಲ್ಲಿ ಕೊಬ್ಬರಿ ಎಣ್ಣೆ, ಇನ್ನೊಂದರಲ್ಲಿ ಕಡಲೆಕಾಯಿ ಎಣ್ಣೆ. ಬೆಳಗಿನ ಚಳಿಗೆ ಕೊಬ್ಬರಿ ಎಣ್ಣೆ ಹೆರೆತು ಬಿಳಿಯಾಗಿರುತ್ತದೆ. ಕಡಲೆಕಾಯಿ ಎಣ್ಣೆ ಸಲೀಸಾಗಿ ಸುರಿಯುತ್ತದೆ. ಕೊಬ್ಬರಿ ಎಣ್ಣೆಯ ಕೊಬ್ಬಿನ ಎಳೆಗಳು ನೆಟ್ಟಗಿವೆ, ಸೌದೆ ಜೋಡಿಸಿದ ಹಾಗೆ ಒತ್ತಾಗಿ ಕೂರುತ್ತವೆ. ಕಡಲೆಕಾಯಿ ಎಣ್ಣೆಯ ಎಳೆಗಳಲ್ಲಿ ಸೊಟ್ಟ ಜಾಸ್ತಿ, ಒತ್ತಾಗಿ ಕೂರಲು ಆಗುವುದಿಲ್ಲ.

ಪ್ರತಿ ಜೀವಕೋಶದ ಸುತ್ತ ಕೊಬ್ಬಿನ ತೆಳು ಪೊರೆ ಇದೆ. ಊಟ ಒಳಗೆ ಹೋಗುವುದು, ಕಸ ಹೊರಗೆ ಬರುವುದು ಎಲ್ಲ ಅದರ ಮೂಲಕವೇ. ಅದು ಹೆರೆತರೆ ಕೋಶದ ಕೆಲಸ ನಿಂತಂತೆ. ಬೂಷ್ಟು ಅಂದರೆ ಒಂದು ಬಗೆಯ ಶಿಲೀಂಧ್ರ. ಚಳಿಯ ಶಿಲೀಂಧ್ರಗಳು ಪೊರೆಯಲ್ಲಿ ಸೊಟ್ಟ ಎಳೆಗಳನ್ನೇ ಜಾಸ್ತಿ ಇಟ್ಟುಕೊಳ್ಳುತ್ತವೆ. ಜೊತೆಗೆ ಚಳಿಯಿಂದ ಕೋಶವನ್ನು ಕಾಪಾಡಲು ಗ್ಲಿಸರಾಲ್ ಎಂಬ ಮಂದ ದ್ರವ, ಟ್ರೆಹಲೋಸ್ ಎಂಬ ಸಕ್ಕರೆ ಇಂಥವನ್ನು ಒಳಗೆ ಕೂಡಿಡುತ್ತವೆ. ಅಂಟಾರ್ಕ್ಟೋಮೈಸಿಸ್ ಎಂಬ ಶಿಲೀಂಧ್ರವಂತೂ ಐಸಿನ ಹರಳಿಗೆ ಅಂಟಿಕೊಂಡು, ಆ ಹರಳು ದೊಡ್ಡದಾಗದಂತೆ ತಡೆಯುವ ಪ್ರೋಟೀನನ್ನೇ ತಯಾರಿಸುತ್ತದೆ. ಎಷ್ಟು ಸಲ ಪಾಠ ಮಾಡಿದರೂ ಇದು ನನಗೆ ಹಳತಾಗಿಲ್ಲ.

ಇನ್ನು ಪಾಚಿಯ ಮೇಲೆ ಬೂಷ್ಟಿನ ಕೆಲಸ. ನಮ್ಮ ಕಡೆಯ ಮಕ್ಕಳಿಗೆ ಶಿಲೀಂಧ್ರ ಅಂದರೆ ಕಬ್ಬಿನ ಕೆಂಪು ಕೊಳೆ ರೋಗವೇ ಮೊದಲು ನೆನಪಾಗುತ್ತದೆ. ಹಾಗಾಗಿ ಪಾಚಿಗೂ ರೋಗ ಬಂದಿದೆ ಅಂದುಕೊಳ್ಳುತ್ತಾರೆ. ಎಲ್ಲವೂ ಹಾಗಲ್ಲ. ಕೆಲವು ಸತ್ತ ಪಾಚಿಯನ್ನು ಕೊಳೆಸಿ, ಅದರ ಸಾರವನ್ನು ನೀರಿಗೆ ಮರಳಿಸುತ್ತವೆ. ಕೆಲವು ಜೀವಂತ ಪಾಚಿಯ ಒಳಗೇ ಸುಮ್ನೆ ಇರುತ್ತವೆ. ಉತ್ತರ ಅಟ್ಲಾಂಟಿಕ್ ದಡದ ಬಂಡೆಗಳ ಮೇಲೆ ಆಸ್ಕೋಫಿಲಂ ಎಂಬ ಕಂದು ಪಾಚಿ ಇದೆ. ಅದರೊಳಗೆ ಮೈಕೊಫೈಸಿಯಾಸ್ ಎಂಬ ಶಿಲೀಂಧ್ರ ಜೀವನಪೂರ್ತಿ ಜೊತೆಗಿರುತ್ತದೆ. ಇಳಿತದಲ್ಲಿ ನೀರು ಸರಿದಾಗ ಎಳೆ ಪಾಚಿ ಒಣಗದಂತೆ ಅದು ಕಾಪಾಡುತ್ತದೆ ಎಂದು ಪ್ರಯೋಗಗಳು ತೋರಿಸಿವೆ.

ಅಂಟಾರ್ಕ್ಟಿಕಾದ ಕಿಂಗ್ ಜಾರ್ಜ್ ದ್ವೀಪದಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಇಂಥ ಶಿಲೀಂಧ್ರಗಳನ್ನು ಹುಡುಕಿ 2010ರಲ್ಲಿ ವರದಿ ಮಾಡಿದರು. ಕೆಲಸದ ಕ್ರಮ ನಾವು ಕಬ್ಬಿನ ಎಲೆಗೆ ಮಾಡುವ ಹಾಗೆಯೇ. ಪಾಚಿಯನ್ನು ತೊಳೆದು, ಚೂರು ಮಾಡಿ, ಅಗರ್ ಎಂಬ ಜೆಲ್ಲಿ ಹಾಕಿದ ತಟ್ಟೆಯ ಮೇಲಿಟ್ಟು, ಶಿಲೀಂಧ್ರ ಬೆಳೆಯುವ ತನಕ ಕಾಯಬೇಕು. ತಟ್ಟೆಯನ್ನು ಮಾತ್ರ ತಣ್ಣಗೆ ಇಡಬೇಕು. ಆ ಅಗರ್ ಕೂಡ ಕೆಂಪು ಕಡಲಪಾಚಿಯಿಂದಲೇ ತೆಗೆದದ್ದು. ಹಾಗಾಗಿ ಕೆಲವು ಶಿಲೀಂಧ್ರಗಳು ಅದನ್ನೂ ಕರಗಿಸಿ ತಿನ್ನುತ್ತವೆ.