ಓದುಗರ ಹಣದಿಂದ ನಡೆಯುವ ಸುದ್ದಿತಾಣಕ್ಕೆ ಹೋಗುತ್ತಿದ್ದ ತಿಂಗಳ ಚಂದಾ ನಡುವೆ ನಿಲ್ಲುವುದೇಕೆ? ಹೊರದೇಶದವರು ಹಣ ಕಳಿಸಬಹುದೇ?

ಹಲವು ಸಲ ಚಂದಾ ನಿಲ್ಲಿಸುವುದು ಓದುಗರಲ್ಲ, ಬ್ಯಾಂಕ್. 2021ರ ಅಕ್ಟೋಬರ್ 1ರಿಂದ ಜಾರಿಯಾದ ಆರ್‌ಬಿಐ ನಿಯಮದಂತೆ ಕಾರ್ಡಿನಿಂದ ತಾನಾಗಿ ಹಣ ಕಡಿತವಾಗಲು ಮೊದಲು ಒಟಿಪಿ ಕೊಟ್ಟು ಒಪ್ಪಿಗೆ ದಾಖಲಿಸಬೇಕು. ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮುಂಚೆ ಸಂದೇಶ ಬರಬೇಕು. ಹಳೆಯ ಚಂದಾಗಳು ಆಗ ಸಾಲುಸಾಲಾಗಿ ಉದುರಿದವು. ಈಗಲೂ ಕಾರ್ಡಿನ ಅವಧಿ ಮುಗಿದರೆ ಅಥವಾ ಖಾತೆಯಲ್ಲಿ ಹಣವಿಲ್ಲದಿದ್ದರೆ ಅದೇ ಗತಿ. ಯುಪಿಐ ಬಳಸುವವರು ಆ್ಯಪ್‌ನ 'ಆಟೋಪೇ' ವಿಭಾಗ ತೆರೆದು ತಾಣದ ಹೆಸರಿನ ಮುಂದೆ ಚಾಲ್ತಿಯಲ್ಲಿದೆಯೋ, ರದ್ದಾಗಿದೆಯೋ ನೋಡಿ. ರದ್ದಾಗಿದ್ದರೆ ತಾಣಕ್ಕೇ ಹೋಗಿ ಹೊಸದಾಗಿ ಮಾಡಬೇಕು. ಸಾಧ್ಯವಾದರೆ ವರ್ಷದ ಚಂದಾ ಒಂದೇ ಸಲ ಕಟ್ಟಿಬಿಡಿ, ಈ ತಲೆನೋವೇ ಬೇಡ.

ಹೊರದೇಶದ ಹಣದ ವಿಚಾರ ಸೂಕ್ಷ್ಮ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) 3ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಸುದ್ದಿ ನೀಡುವ ಸಂಸ್ಥೆಗಳು ವಿದೇಶಿ ದೇಣಿಗೆ ಪಡೆಯುವಂತಿಲ್ಲ. ದುಬೈನಲ್ಲಿದ್ದು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡ ಕನ್ನಡಿಗರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದವರು ಕೊಟ್ಟರೆ ವಿದೇಶಿಯೇ, ಭಾರತ ಮೂಲದ ವಿದೇಶಿ ಪೌರರಿಗೆ ಸಿಗುವ ಒಸಿಐ ಕಾರ್ಡ್ ಇದ್ದರೂ. ಹಲವು ತಾಣಗಳು ದೇಣಿಗೆ ಪುಟದಲ್ಲಿ ಪೌರತ್ವ ಕೇಳುವುದು ಇದಕ್ಕೇ. ಅಲ್ಲಿ ಸುಳ್ಳು ಹೇಳಿದರೆ ಸಿಕ್ಕಿಬೀಳುವುದು ಸಂಸ್ಥೆ. ಸೇವೆಗೆ ಪ್ರತಿಯಾಗಿ ಕೊಡುವ ಚಂದಾ ಮಾತ್ರ ವ್ಯಾಪಾರದ ಶುಲ್ಕ, ದೇಣಿಗೆಯ ಲೆಕ್ಕಕ್ಕೆ ಬರುವುದಿಲ್ಲ.

ಅಂದಹಾಗೆ, ಚಂದಾಕ್ಕೆ 80ಜಿ, ಅಂದರೆ ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ಸಿಗದು. ಅದು 80ಜಿ ನೋಂದಣಿ ಇರುವ ಟ್ರಸ್ಟ್‌ನಂಥ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಮಾತ್ರ.