ಬಾತ್‌ರೂಮ್ ಕಪಾಟು ಕೊಳ್ಳುವ ಮೊದಲು ಅದರ ತಳ ನೋಡಿ

ಪ್ರಶ್ನೆ: ನಮ್ಮದು ಬದಿಯಡ್ಕ ಹತ್ತಿರ ಇಪ್ಪತ್ತು ವರ್ಷ ಹಳೆಯ ಕೆಂಪುಕಲ್ಲಿನ ಮನೆ. ಎರಡು ಬಾತ್‌ರೂಮ್‌ಗಳ ಟೈಲ್ಸ್ ತೆಗೆಸಿ ಹೊಸದು ಹಾಕಿಸುತ್ತಿದ್ದೇವೆ. ಒಂದು ನಮಗೆ, ಇನ್ನೊಂದು ಅತ್ತೆ-ಮಾವನಿಗೆ. ವಾಶ್‌ಬೇಸಿನ್ ಕೆಳಗೆ ಕಪಾಟು ಬರುವ ವ್ಯಾನಿಟಿ ಹಾಕಿಸಬೇಕು ಅಂತ ಆಸೆ. ಆನ್‌ಲೈನ್‌ನಲ್ಲಿ 24 ಇಂಚಿನದು 9 ಸಾವಿರಕ್ಕೆ ಸಿಗುತ್ತದೆ. ಮಂಗಳೂರಿನ ಒಂದು ಶೋರೂಮ್‌ನಲ್ಲಿ ಅದೇ ಅಳತೆಗೆ 28 ಸಾವಿರ ಹೇಳಿದರು. ನಮ್ಮ ಆಚಾರಿ "ಮಲ್ಟಿವುಡ್‌ನಲ್ಲಿ ಮಾಡಿಕೊಡ್ತೇನೆ, 14 ಸಾವಿರ ಕೊಡಿ" ಅಂತಾರೆ. ನಮ್ಮದು ಬಕೆಟ್ ಸ್ನಾನ, ಮಧ್ಯದಲ್ಲಿ ಗಾಜಿನ ಪಾರ್ಟಿಷನ್ ಇಲ್ಲ. ಎರಡೂ ಸೇರಿ 35 ಸಾವಿರದೊಳಗೆ ಮುಗಿಯಬೇಕು. ಯಾವುದು ಒಳ್ಳೆಯದು ಸರ್?
— ಗೃಹಿಣಿ, ಬದಿಯಡ್ಕ

ಉತ್ತರ: ಮೂರು ರೇಟ್ ಬರೆದಿದ್ದೀರಿ ಅಕ್ಕ. ಅದರಲ್ಲಿ ಒಳಗಿನ ಬೋರ್ಡ್ ಯಾವುದು ಅಂತ ಬಾಯಿಬಿಟ್ಟು ಹೇಳಿದವರು ನಿಮ್ಮ ಆಚಾರಿ ಒಬ್ಬರೇ. ಹಾಗಾಗಿ ನನ್ನ ಓಟು ಅವರಿಗೆ. ಆದರೆ ಅವರ ಕೈಯಲ್ಲಿ ಈಗ ಹೇಳಿದ್ದಕ್ಕಿಂತ ಕಡಿಮೆ ಕೆಲಸ ಮಾಡಿಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಆ 9 ಸಾವಿರದ್ದು. ಅಂಥವುಗಳ ವಿವರದಲ್ಲಿ 'ಎಂಜಿನಿಯರ್ಡ್ ವುಡ್' ಅಂತ ಬರೆದಿರುತ್ತಾರೆ. ಕೇಳಲು ಚೆನ್ನಾಗಿದೆ. ಹೆಚ್ಚಾಗಿ ಅದು ಪಾರ್ಟಿಕಲ್ ಬೋರ್ಡ್ (ಮರದ ಚೂರು ಒತ್ತಿ ಅಂಟಿಸಿದ್ದು) ಅಥವಾ ಎಂಡಿಎಫ್ (ಮರದ ನಾರು ಒತ್ತಿ ಅಂಟಿಸಿದ್ದು). ಬೆಡ್‌ರೂಮಿನ ಕಪಾಟಿಗೆ ಪರವಾಗಿಲ್ಲ, ಬಕೆಟ್ ಸ್ನಾನದ ಬಾತ್‌ರೂಮಿಗೆ ಬೇಡವೇ ಬೇಡ. ಮೇಲಿನ ಮೈಕಾ ನೀರು ತಡೆಯುತ್ತದೆ, ನಿಜ. ನೀರು ಒಳಗೆ ಹೋಗುವುದು ಅಂಚಿನಿಂದ. ತಳದ ಹಲಗೆಯ ಅಂಚು, ಪೈಪ್‌ಗಾಗಿ ಕೊರೆದ ತೂತು, ಸ್ಕ್ರೂ ಇಳಿದ ಜಾಗ. ಒಮ್ಮೆ ನೀರು ಕುಡಿದ ಪಾರ್ಟಿಕಲ್ ಬೋರ್ಡ್ ಊದುತ್ತದೆ, ಒಣಗಿದ ಮೇಲೆ ಮೊದಲಿನ ದಪ್ಪಕ್ಕೆ ಬರುವುದಿಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಒಣಗುವುದಿಲ್ಲ, ಕಪಾಟು ಎಲ್ಲಿ ಒಣಗುತ್ತದೆ?

ಶೋರೂಮಿನ 28 ಸಾವಿರದ್ದು ಒಳ್ಳೆಯದೇ ಇರಬಹುದು. ಆದರೆ ಆ ದುಡ್ಡಿನಲ್ಲಿ ಕನ್ನಡಿ, ಬೇಸಿನ್, ಎಲ್‌ಇಡಿ ಲೈಟು, ಶೋರೂಮಿನ ಬಾಡಿಗೆ ಎಲ್ಲಾ ಸೇರಿದೆ. ಮತ್ತೊಮ್ಮೆ ಹೋದರೆ ಎದುರಿನ ಬಣ್ಣ ನೋಡಬೇಡಿ. ಬಾಗಿಲು ತೆಗೆದು ಕೂತುಕೊಂಡು ಒಳಗೆ ತಲೆ ಹಾಕಿ. ಮೊಬೈಲ್ ಟಾರ್ಚ್ ಹಿಡಿದು ಹಿಂಬದಿಯ ಪೈಪ್ ತೂತಿನ ಅಂಚು ನೋಡಿ. ದಪ್ಪ ರವೆ ಒತ್ತಿ ಅಂಟಿಸಿದ ಹಾಗೆ ಕಂಡರೆ ಪಾರ್ಟಿಕಲ್ ಬೋರ್ಡ್. ನುಣ್ಣಗೆ ಕಂದು ಬಣ್ಣ ಇದ್ದರೆ ಎಂಡಿಎಫ್. ಪದರ ಪದರ ಕಂಡರೆ ಪ್ಲೈವುಡ್. ಬೆಳ್ಳಗೆ, ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗುವಂತಿದ್ದರೆ ಪಿವಿಸಿ. ಹಸಿರು ಬಣ್ಣದ ಬೋರ್ಡ್ ತೋರಿಸಿ "ಇದು ವಾಟರ್‌ಪ್ರೂಫ್" ಅಂದರೆ ನಂಬಬೇಡಿ. ಆ ಹಸಿರು ಗುರುತಿಗೆ ಮಾತ್ರ. ತೇವ ತಡೆಯುವ ಬೋರ್ಡ್ ಬೇರೆ, ನೀರು ತಡೆಯುವ ಬೋರ್ಡ್ ಬೇರೆ. ಎಚ್‌ಡಿಎಚ್‌ಎಂಆರ್ ಅಂತ ಮಾರುವುದಕ್ಕೂ ಇದೇ ಮಾತು. ಅದು ಗಟ್ಟಿ ಬೋರ್ಡ್, ಆದರೆ ನೀರಲ್ಲಿ ನೆನೆಯಲು ಮಾಡಿದ್ದಲ್ಲ.

ಈಗ ಮಲ್ಟಿವುಡ್. ನಮ್ಮ ಕಡೆ ಹಾಗೆ ಕರೆಯುವುದು ಪಿವಿಸಿ ಫೋಮ್ ಬೋರ್ಡನ್ನು. ಕೆಲವರು ಅದನ್ನೇ ಡಬ್ಲ್ಯುಪಿಸಿ ಅಂತಲೂ ಮಾರುತ್ತಾರೆ. ನೀರಿಗೆ ಹೆದರುವುದಿಲ್ಲ, ಒರಲೆ ಮುಟ್ಟುವುದಿಲ್ಲ. ಬಕೆಟ್ ಸ್ನಾನದ ಮನೆಗೆ ಇದೇ ಸರಿ. ದೋಷ ಇಲ್ಲ ಅಂತಲ್ಲ. ಸ್ಕ್ರೂ ಹಿಡಿತ ಪ್ಲೈವುಡ್‌ನಷ್ಟು ಬರುವುದಿಲ್ಲ. ಭಾರ ಬಿದ್ದರೆ ಮಧ್ಯದಲ್ಲಿ ಬಾಗುತ್ತದೆ. ಗೀಸರಿನ ಬಿಸಿ ಪೈಪ್ ತಾಗಿಕೊಂಡಿದ್ದರೆ ಮೆತ್ತಗಾಗುತ್ತದೆ. ಎಲ್ಲದಕ್ಕಿಂತ ದೊಡ್ಡ ಸಮಸ್ಯೆ, ಇದರಲ್ಲಿ ಗಟ್ಟಿ ಯಾವುದು, ಪೊಳ್ಳು ಯಾವುದು ಅಂತ ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ಅದಕ್ಕೆ ಒಂದು ಸುಲಭ ಉಪಾಯ ಇದೆ: ತೂಗಿ ನೋಡಿ. 8×4 ಅಡಿಯ 18 ಎಂಎಂ ಶೀಟ್, 0.6 ಸಾಂದ್ರತೆಯದ್ದಾದರೆ (ಅಂದರೆ ಒಂದು ಘನ ಸೆಂಟಿಮೀಟರಿಗೆ 0.6 ಗ್ರಾಂ) ಸುಮಾರು 32 ಕೆ.ಜಿ. ತೂಗಬೇಕು. 27 ಕೆ.ಜಿ. ತೂಗಿದರೆ ಅದು 0.5ರದ್ದು. ಅಂಗಡಿಯವರು ಬಾಯಲ್ಲಿ ಏನೇ ಹೇಳಲಿ, ತಕ್ಕಡಿ ಸುಳ್ಳು ಹೇಳುವುದಿಲ್ಲ. ತೂಗಲು ಒಪ್ಪದ ಅಂಗಡಿಯಾದರೆ ಪಕ್ಕದ ಅಂಗಡಿಗೆ ಹೋಗಿ. 0.6ಕ್ಕಿಂತ ಹಗುರದ್ದನ್ನು ಹಿಂಜಸ್ ಕೂರುವ ಜಾಗಕ್ಕೆ ಹಾಕಿಸಬೇಡಿ.

ಇಲ್ಲಿ ಒಂದು ಸಣ್ಣ ಲೆಕ್ಕ. 24 ಇಂಚು ಅಗಲ, 18 ಇಂಚು ಆಳ, 20 ಇಂಚು ಎತ್ತರದ ಕಪಾಟಿಗೆ ಎರಡು ಪಕ್ಕ, ಒಂದು ತಳ, ಒಂದು ತಟ್ಟು, ಎರಡು ಬಾಗಿಲು, ಮೇಲೊಂದು ಪಟ್ಟಿ. ಎಲ್ಲಾ ಕೂಡಿಸಿದರೆ 15 ಚದರಡಿ. ಒಂದು ಶೀಟ್ 32 ಚದರಡಿ ಇರುತ್ತದೆ, ಅಂದರೆ ಅರ್ಧ ಶೀಟ್ ಸಾಕು. ಚದರಡಿಗೆ 40 ರೂಪಾಯಿ ಜಾಸ್ತಿ ಕೊಟ್ಟು ಒಳ್ಳೆಯ ಬೋರ್ಡ್ ತಂದರೂ ಹೆಚ್ಚಾಗುವುದು 600 ರೂಪಾಯಿ. ಅಡುಗೆಮನೆ ಪೂರ್ತಿ ಮಾಡಿಸುವಾಗ ಬೋರ್ಡಿನಲ್ಲಿ ಉಳಿಸುವ ಯೋಚನೆ ಅರ್ಥವಾಗುತ್ತದೆ. ಇಷ್ಟು ಪುಟ್ಟ ಕಪಾಟಿನಲ್ಲಿ ಬೋರ್ಡಿಗೆ ಪಿಸುಣತನ ಮಾಡಿ, ಬಾಗಿಲಿನ ಹೊಳಪಿಗೆ ದುಡ್ಡು ಸುರಿಯುವುದು ಸುಮ್ನೆ ದಂಡ. ಕಡಿತ ಮಾಡಲೇಬೇಕಾದರೆ ಡ್ರಾಯರ್ ಬಿಡಿ, ಹೈಗ್ಲಾಸ್ ಫಿನಿಶ್ ಬಿಡಿ, ಲೈಟಿನ ಕನ್ನಡಿ ಬಿಡಿ.

ಪ್ಲೈವುಡ್ಡೇ ಬೇಕು ಅಂತಿದ್ದರೆ, ಶೀಟಿನ ಮೇಲೆ ಐಎಸ್‌ಐ ಮುದ್ರೆಯ ಜೊತೆ 'ಐಎಸ್ 710' ಅಂತ ಇದೆಯಾ ನೋಡಿ. ಇದನ್ನೇ ಮರೈನ್ ಪ್ಲೈ ಅನ್ನುವುದು. ಈ ದರ್ಜೆಯ ಅಂಟು 72 ಗಂಟೆ ಕುದಿಯುವ ನೀರಿನ ಪರೀಕ್ಷೆ ತಡೆಯಬೇಕು. 'ಐಎಸ್ 303, ಎಂಆರ್' ಅಂತಿದ್ದರೆ ಅದು ತೇವ ಮಾತ್ರ ತಡೆಯುವ ದರ್ಜೆ, ಒಣ ಕೋಣೆಗೆ. ಪೆರುಂಬಾವೂರು, ವಳಪಟ್ಟಣಂ ಕಡೆಯಿಂದ ನಮ್ಮಲ್ಲಿಗೆ ಬೇಕಾದಷ್ಟು ಪ್ಲೈ ಬರುತ್ತದೆ. ಒಳ್ಳೆಯದೂ ಇದೆ, ಮುದ್ರೆಯೇ ಇಲ್ಲದ್ದೂ ಇದೆ. "ಮರೈನ್" ಎಂಬ ಮಾತು ಬಿಲ್ಲಿನಲ್ಲಿ ಬರದಿದ್ದರೆ ಅದಕ್ಕೆ ಬೆಲೆ ಇಲ್ಲ.

ಆಚಾರಿಯ ಕೆಲಸ ಕಡಿಮೆ ಮಾಡಿಸಿ ಅಂದೆನಲ್ಲ, ಅದಕ್ಕೆ ಬರೋಣ. ನಿಮ್ಮಲ್ಲಿ ಈಗ ಟೈಲ್ಸ್ ಕೆಲಸ ನಡೆಯುತ್ತಿದೆ, ಮೇಸ್ತ್ರಿ ಮನೆಯಲ್ಲೇ ಇದ್ದಾರೆ. ಕೇರಳದ ಅಡುಗೆಮನೆಗಳಲ್ಲಿ ಕಟ್ಟೆಯ ಕೆಳಗೆ ಫೆರೋಸಿಮೆಂಟ್ ಸ್ಲ್ಯಾಬ್ (ಕಬ್ಬಿಣದ ಬಲೆ ಇಟ್ಟು ಎರೆದ ತೆಳು ಸಿಮೆಂಟ್ ಹಲಗೆ) ನಿಲ್ಲಿಸುವುದನ್ನು ನೀವು ನೋಡಿರುತ್ತೀರಿ. ನಿಮ್ಮ ಮನೆಯಲ್ಲೇ ಇದ್ದರೂ ಇರಬಹುದು. ಬಾತ್‌ರೂಮಿಗೂ ಅದನ್ನೇ ಮಾಡಿಸಿ. ಎರಡು ಪಕ್ಕಕ್ಕೆ ಎರಡು ಸ್ಲ್ಯಾಬ್, ನೆಲದಿಂದ 8 ಇಂಚು ಮೇಲೆ ತಳಕ್ಕೆ ಒಂದು ಸ್ಲ್ಯಾಬ್, ಮೇಲೆ ಗ್ರಾನೈಟ್. ಸ್ಲ್ಯಾಬಿನ ಅಂಚುಗಳನ್ನು ಗೋಡೆಯೊಳಗೆ ಕೊರೆದು ಕೂರಿಸಲಿ, ಟೈಲ್ಸ್ ಅದರ ಮೇಲೆ ಬರಲಿ. ಆಮೇಲೆ ಆಚಾರಿ ಎದುರಿಗೆ ಒಂದು ಚೌಕಟ್ಟು ಕೊಟ್ಟು ಎರಡು ಮಲ್ಟಿವುಡ್ ಶಟರ್ (ಕಪಾಟಿನ ಬಾಗಿಲು) ಹಾಕಿದರೆ ಮುಗಿಯಿತು. ಕೊಳೆಯಬೇಕಾದ ತಳವೇ ಇಲ್ಲ. ನಾಲ್ಕು ಕೊಡ ನೀರು ಚೆಲ್ಲಿದರೂ ಕೆಳಗಿನಿಂದ ಹರಿದುಹೋಗುತ್ತದೆ, ಕಸಬರಿಕೆಯೂ ಹೋಗುತ್ತದೆ. ಹತ್ತು ವರ್ಷ ಬಿಟ್ಟು ಶಟರ್ ಹಾಳಾದರೆ ಅದೆರಡನ್ನು ಬದಲಾಯಿಸಿದರೆ ಆಯಿತು.

ಕೆಂಪುಕಲ್ಲಿನ ಗೋಡೆಗೆ ಇದು ಇನ್ನೂ ಒಳ್ಳೆಯದು. ರೆಡಿಮೇಡ್ ವ್ಯಾನಿಟಿಗಳಲ್ಲಿ ಹೆಚ್ಚಿನವು ಗೋಡೆಗೆ ನೇತುಹಾಕುವಂಥವು. 18 ಎಂಎಂ ಗ್ರಾನೈಟ್ ಚದರಡಿಗೆ ಸುಮಾರು ನಾಲ್ಕೂವರೆ ಕೆ.ಜಿ. ನಿಮ್ಮ ಅಳತೆಗೆ ಅದೇ 13 ಕೆ.ಜಿ. ದಾಟುತ್ತದೆ. ಮೇಲೆ ಬೇಸಿನ್ನಿನ ಭಾರ, ಒಳಗಿನ ಸಾಮಾನು, ಜೊತೆಗೆ ಹಲ್ಲುಜ್ಜುವಾಗ ಒರಗಿ ನಿಲ್ಲುವ ಮಕ್ಕಳು. ಹಳೆಯ ಕೆಂಪುಕಲ್ಲಿಗೆ ಡ್ರಿಲ್ ಹಾಕಿದರೆ ಪುಡಿ ಉದುರಿ ತೂತು ದೊಡ್ಡದಾಗುತ್ತದೆ, ಬೋಲ್ಟ್ ಕಚ್ಚುವುದಿಲ್ಲ. ನೇತುಹಾಕಲೇಬೇಕು ಅಂತಿದ್ದರೆ ಬೋಲ್ಟನ್ನು ಅಂಟಿನಿಂದ ಹಿಡಿಸುವ ಕೆಮಿಕಲ್ ಆ್ಯಂಕರ್ ಹಾಕಿಸಿ, ಅಥವಾ ಕಬ್ಬಿಣದ ಬ್ರ್ಯಾಕೆಟ್ಟನ್ನು ಟೈಲ್ಸ್‌ಗೆ ಮೊದಲೇ ಕಾಂಕ್ರೀಟಿನಲ್ಲಿ ಕೂರಿಸಿ. ಟೈಲ್ಸ್ ಆದ ಮೇಲೆ ಯೋಚಿಸಿದರೆ ತಡವಾಯಿತು.

ಎತ್ತರದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕೈ ತೊಳೆಯುವ ಅಂಚು ನೆಲದಿಂದ 32-33 ಇಂಚು ಇದ್ದರೆ ಆರಾಮ. ಗ್ರಾನೈಟ್ ಮೇಲೆ ಬಟ್ಟಲಿನಂತೆ ಕೂರುವ ಬೇಸಿನ್ ತಂದಿದ್ದರೆ ಅದೇ 5 ಇಂಚು ಎತ್ತರ ಇರುತ್ತದೆ. ಆಗ ಗ್ರಾನೈಟನ್ನು 27-28 ಇಂಚಿಗೆ ಇಳಿಸಬೇಕು. ಮೇಸ್ತ್ರಿ ಅಭ್ಯಾಸಬಲದಿಂದ 32ಕ್ಕೇ ಕಟ್ಟಿಬಿಟ್ಟರೆ, ಮುಖ ತೊಳೆಯುವಾಗ ನೀರು ಮೊಣಕೈಯಿಂದ ಇಳಿದು ಬಟ್ಟೆಗೆ ಬರುತ್ತದೆ. ಬೇಸಿನ್ ಮೊದಲು ಮನೆಗೆ ತನ್ನಿ, ಆಮೇಲೆ ಸ್ಲ್ಯಾಬ್ ಕಟ್ಟಿಸಿ.

ವೇಸ್ಟ್ ಪೈಪ್ ನೆಲಕ್ಕೆ ಇಳಿಯುತ್ತದಾ, ಗೋಡೆಗೆ ಹೋಗುತ್ತದಾ? ಹಳೆಯ ಮನೆಗಳಲ್ಲಿ ನೆಲಕ್ಕೆ. ಈಗಲೇ ಗೋಡೆಗೆ ತಿರುಗಿಸಿಬಿಡಿ, ಬಾಟಲ್ ಟ್ರ್ಯಾಪ್ (ವಾಸನೆ ತಡೆಯುವ, ಬಾಟಲಿಯಂಥ ಪೈಪ್ ಭಾಗ) ಹಾಕಿದರೆ ಕೆಳಗೆ ಜಾಗ ಉಳಿಯುತ್ತದೆ. ಆ್ಯಂಗಲ್ ಕಾಕ್ (ಬೇಸಿನ್ನಿಗೆ ಬರುವ ನೀರು ನಿಲ್ಲಿಸುವ ಸಣ್ಣ ನಲ್ಲಿ) ಕೈಗೆ ಸಿಗುವ ಕಡೆ ಇರಲಿ.

ಇನ್ನು ಅತ್ತೆ-ಮಾವನ ಬಾತ್‌ರೂಮ್. ಅಲ್ಲಿ ಕಪಾಟು ಬೇಡ ಅಂತ ನನ್ನ ಅಭಿಪ್ರಾಯ. ವಯಸ್ಸಾದವರು ಬೇಸಿನ್ ಹಿಡಿದು ಏಳುತ್ತಾರೆ, ಕೆಲವೊಮ್ಮೆ ಸ್ಟೂಲ್ ಹಾಕಿ ಕೂತೇ ಮುಖ ತೊಳೆಯಬೇಕಾಗುತ್ತದೆ. ಕಾಲು ಚಾಚಲು ಜಾಗ ಬೇಕು, ಬಗ್ಗಿ ಕಪಾಟಿನಿಂದ ಸೋಪು ತೆಗೆಯುವುದು ಬೇಡ. ಅಲ್ಲಿ ಬರೀ ಗ್ರಾನೈಟ್ ಸ್ಲ್ಯಾಬ್, ಕೆಳಗೆ ಖಾಲಿ, ಕಣ್ಣಿನ ಎತ್ತರಕ್ಕೆ ಕನ್ನಡಿ ಬಾಗಿಲಿನ ಒಂದು ಸಣ್ಣ ಪಿವಿಸಿ ಕಪಾಟು, ಪಕ್ಕದಲ್ಲಿ ಗಟ್ಟಿಯಾದ ಹಿಡಿ. ಅವರನ್ನೂ ಒಂದು ಮಾತು ಕೇಳಿ ನೋಡಿ. ಇಲ್ಲಿ ಉಳಿದ ದುಡ್ಡು ಹಿಡಿ ಮತ್ತು ಜಾರದ ಟೈಲ್ಸ್‌ಗೆ ಹೋಗಲಿ. ಹೀಗೆ ಮಾಡಿದರೆ ಎರಡೂ ಸೇರಿ ನಿಮ್ಮ 35 ಸಾವಿರ ದಾಟಬಾರದು.

ಪ್ರಶ್ನೆ: ಮುಳ್ಳೇರಿಯ ಹತ್ತಿರ ನಮ್ಮ ತರವಾಡು ಮನೆ ಬಿಚ್ಚಿದಾಗ ಹಲಸಿನ ಹಲಗೆ ತುಂಬಾ ಸಿಕ್ಕಿದೆ. ಅದರಲ್ಲೇ ಬಾತ್‌ರೂಮ್ ಕಪಾಟು ಮಾಡಿಸಿದರೆ ಹೇಗೆ? ಮರಕ್ಕೆ ದುಡ್ಡು ಕೊಡುವುದು ಬೇಡ ಅಲ್ವಾ?

ಉತ್ತರ: ಶಟರಿಗೆ ಧಾರಾಳವಾಗಿ ಬಳಸಿ. ತಳಕ್ಕೆ, ಪಕ್ಕಕ್ಕೆ ಬೇಡ. ಎಷ್ಟೇ ಹಳೆಯ ಮರವಾದರೂ ಮಳೆಗಾಲದಲ್ಲಿ ಅಡ್ಡಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅಗಲದ ಒಂದೇ ಹಲಗೆಯಲ್ಲಿ ಬಾಗಿಲು ಮಾಡಿದರೆ ಆಟಿ ತಿಂಗಳಲ್ಲಿ ತೆರೆಯಲು ಆಗುವುದಿಲ್ಲ. ಚೌಕಟ್ಟು ಮಾಡಿ, ನಡುವೆ ತೋಡಿನಲ್ಲಿ ಸಡಿಲವಾಗಿ ಹಲಗೆ ಕೂರಿಸಲು ಹೇಳಿ. ಬಾಗಿಲಿನ ಸುತ್ತ 3 ಎಂಎಂ ಸಂದು ಬಿಡಿ. ಪಾಲಿಶ್ ಎದುರಿಗೆ ಮಾತ್ರ ಹೊಡೆದು ಹಿಂಬದಿಯನ್ನು ಹಾಗೇ ಬಿಡುವವರು ಜಾಸ್ತಿ. ಹಾಗೆ ಮಾಡಿದರೆ ಹಲಗೆ ಸೊಟ್ಟಗಾಗುತ್ತದೆ. ಹಿಂದೆ, ಮುಂದೆ, ನಾಲ್ಕೂ ಅಂಚಿಗೆ ಪಿಯು (ಪಾಲಿಯುರಿಥೇನ್) ಕೋಟಿಂಗ್ ಬರಲಿ, ಕೆಳಗಿನ ಅಂಚಿಗೆ ಒಂದು ಕೈ ಹೆಚ್ಚೇ ಇರಲಿ. ಹಲಗೆಯಲ್ಲಿ ಗುಂಡುಸೂಜಿ ತಲೆಯಷ್ಟು ತೂತು, ಅದರಿಂದ ಹಿಟ್ಟಿನಂಥ ಪುಡಿ ಕಂಡರೆ ಹುಳು ಇನ್ನೂ ಒಳಗಿದೆ. ಔಷಧಿ ಹೊಡೆಸದೆ ಮನೆಯೊಳಗೆ ತರಬೇಡಿ. ಇನ್ನೊಂದು ಮಾತು: ಮರ ಪುಕ್ಕಟೆ ಸಿಕ್ಕಿದರೂ ಕೂಲಿ ಪುಕ್ಕಟೆ ಅಲ್ಲ. ಹಳೇ ಮೊಳೆ ಕಿತ್ತು, ಹೊರೆದು, ತೋಡು ತೆಗೆದು ಮಾಡುವ ಹೊತ್ತಿಗೆ ಮಲ್ಟಿವುಡ್ ಶಟರಿಗಿಂತ ಖರ್ಚು ಜಾಸ್ತಿ ಬರಬಹುದು. ಮನೆಯ ನೆನಪಿಗೆ ಅಂತಿದ್ದರೆ ಮಾಡಿಸಿ, ಉಳಿತಾಯಕ್ಕೆ ಅಂತ ಬೇಡ.

ಪ್ರಶ್ನೆ: ಉಪ್ಪಳದಲ್ಲಿ ನಮ್ಮ ಮನೆ ಕಡಲಿಗೆ ಹತ್ತಿರ. ಬಾತ್‌ರೂಮ್ ಕಪಾಟಿನ ಹಿಂಜಸ್ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಬಾಗಿಲು ಜೋತು ಬಿದ್ದಿದೆ. ಸ್ಟೀಲಿನದೇ ಹಾಕಿದ್ದು ಅಂತಾರೆ.

ಉತ್ತರ: ಒಂದು ಆಯಸ್ಕಾಂತ ತಗುಲಿಸಿ ನೋಡಿ. ಗಟ್ಟಿಯಾಗಿ ಹಿಡಿದರೆ ಅದು ಹೆಚ್ಚಾಗಿ ನಿಕಲ್ ಲೇಪದ ಕಬ್ಬಿಣ. ಹಿಡಿಯದಿದ್ದರೂ ಪೂರ್ತಿ ನಂಬಬೇಡಿ, ಯಾಕೆಂದರೆ 202 ಎಂಬ ಅಗ್ಗದ ಸ್ಟೀಲಿಗೂ ಆಯಸ್ಕಾಂತ ಅಂಟುವುದಿಲ್ಲ. ಕಡಲ ಗಾಳಿಗೆ ಅದು ಬೇಗ ಮಂಕಾಗುತ್ತದೆ. ನಿಮಗೆ ಬೇಕಾದ್ದು 304 ದರ್ಜೆಯ ಸ್ಟೀಲು. ಹಿಂಜಸ್ ಮೇಲೋ ಪೆಟ್ಟಿಗೆ ಮೇಲೋ ಆ ನಂಬರ್ ಇರಬೇಕು, ಬಿಲ್ಲಿನಲ್ಲೂ ಬರೆಸಿ. ಸ್ಕ್ರೂಗಳೂ ಅದೇ ಸ್ಟೀಲಿನವು ಇರಲಿ. ಒಳ್ಳೆ ಹಿಂಜಸ್‌ಗೆ ಕಬ್ಬಿಣದ ಸ್ಕ್ರೂ ಹಾಕಿ ಕೆಡಿಸುವುದು ದಿನಾ ನೋಡುವ ವಿಷಯ. ಬೆಲೆ ಹೆಚ್ಚು, ಆದರೆ ಒಂದು ಕಪಾಟಿಗೆ ಬೇಕಾದ್ದು ನಾಲ್ಕು ಹಿಂಜಸ್ ಮಾತ್ರ.

ಇನ್ನೊಂದು ಕೇಳಬೇಕು. ಟಾಯ್ಲೆಟ್ ತೊಳೆಯುವ ಆಸಿಡ್ ಬಾಟಲಿ ಅದೇ ಕಪಾಟಿನೊಳಗೆ ಇಡುತ್ತೀರಾ? ಮುಚ್ಚಳ ಸ್ವಲ್ಪ ಸಡಿಲ ಇದ್ದರೂ ಅದರ ಹೊಗೆ ಮುಚ್ಚಿದ ಕಪಾಟಿನಲ್ಲಿ ತುಂಬಿಕೊಂಡು ಹಿಂಜಸ್, ಆ್ಯಂಗಲ್ ಕಾಕ್, ವೇಸ್ಟ್ ಪೈಪಿನ ಹೊಳಪು ಎಲ್ಲಾ ತಿಂದುಹಾಕುತ್ತದೆ. 304 ಆದರೂ ಇದಕ್ಕೆ ತಡೆಯುವುದಿಲ್ಲ. ಬಾಟಲಿ ಹೊರಗೆ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಹೊಸ ಹಿಂಜಸ್ ಹಾಕಿಸುವಾಗ ಹಳೆಯ ಸ್ಕ್ರೂ ತೂತನ್ನೇ ಮತ್ತೆ ಬಳಸಬೇಡಿ, ಅರ್ಧ ಇಂಚು ಮೇಲೆ ಅಥವಾ ಕೆಳಗೆ ಹೊಸದಾಗಿ ಕೊರೆದು ಕೂರಿಸಲು ಹೇಳಿ. ಹಳೇ ತೂತುಗಳಿಗೆ ಸಿಲಿಕೋನ್ ತುಂಬಿಸಿ.