ಕೆರಿಬಿಯನ್ ಬೀಚಿನಲ್ಲಿ ಒಂದು ವಾರ ಆರಾಮಾಗಿ ಇರಬೇಕು, ಊರೂ ನೋಡಬೇಕು. ಹೇಗೆ ಪ್ಲಾನ್ ಮಾಡಬೇಕು?

ಒಂದೇ ದ್ವೀಪ ಆರಿಸಿಕೊಳ್ಳಿ. ದ್ವೀಪದಿಂದ ದ್ವೀಪಕ್ಕೆ ಹಾರುತ್ತಾ ಇದ್ದರೆ ಅರ್ಧ ರಜೆ ಏರ್‌ಪೋರ್ಟಿನಲ್ಲೇ ಮುಗಿಯುತ್ತದೆ. ನನ್ನ ಆಯ್ಕೆ ಬಾರ್ಬಡೋಸ್. ಉದ್ದ ಸುಮಾರು 34 ಕಿ.ಮೀ. ಅಷ್ಟೇ, ಎಲ್ಲಿಗೆ ಹೋದರೂ ಸಂಜೆಗೆ ವಾಪಸ್ ಬರಬಹುದು.

ಈಜಲು ಪಶ್ಚಿಮದ ಕರಾವಳಿ ಒಳ್ಳೆಯದು, ನೀರು ಶಾಂತ. ಆದರೆ ಅಲ್ಲಿ ರೂಮು ದುಬಾರಿ. ದಕ್ಷಿಣದಲ್ಲಿ ಉಳಿದರೆ ಖರ್ಚು ಕಡಿಮೆ, ಆಯಿಸ್ಟಿನ್ಸ್ ಎಂಬ ಮೀನುಗಾರರ ಊರೂ ಹತ್ತಿರ. ಶುಕ್ರವಾರ ರಾತ್ರಿ ಅಲ್ಲಿಗೆ ತಪ್ಪದೆ ಹೋಗಿ: ಸುಟ್ಟ ಮೀನು, ಮ್ಯಾಕರೋನಿ ಪೈ, ಜೋರು ಹಾಡು, ಕುಣಿತ. ಊರಿನವರೂ ಬರುತ್ತಾರೆ, ಬರೀ ಪ್ರವಾಸಿಗರಲ್ಲ. ಸಸ್ಯಾಹಾರಿಗಳು ರೋಟಿ ಅಂಗಡಿ ಹುಡುಕಿ. ಕಡಲೆ, ಆಲೂಗಡ್ಡೆ ಪಲ್ಯ ಸುತ್ತಿದ ರೋಟಿ ಸಿಗುತ್ತದೆ.

ಓಡಾಡಲು ಟ್ಯಾಕ್ಸಿ ಸುಮ್ನೆ ದಂಡ. 'ಝಡ್‌ಆರ್' ನಂಬರಿನ ಬಿಳಿ ವ್ಯಾನ್ ಹತ್ತಿ. ಇಕ್ಕಟ್ಟು ಜಾಸ್ತಿ, ಮಜವೂ ಜಾಸ್ತಿ. ಪೂರ್ವದ ಬಾತ್‌ಶೀಬಾಗೆ ಒಂದು ದಿನ ಇಡಿ. ಅಟ್ಲಾಂಟಿಕ್ ಅಲೆ ನೋಡಿ ಸಾಕು, ಈಜಬೇಡಿ. ರಾಜಧಾನಿ ಬ್ರಿಜ್‌ಟೌನ್‌ನಲ್ಲೇ ಕೆನ್ಸಿಂಗ್ಟನ್ ಓವಲ್ ಇದೆ. 2024ರಲ್ಲಿ ನಮ್ಮ ದ್ರಾವಿಡ್ ಕೋಚ್ ಆಗಿದ್ದಾಗ ಭಾರತ ಟಿ20 ವಿಶ್ವಕಪ್ ಗೆದ್ದದ್ದು ಅಲ್ಲೇ ಅಲ್ವಾ!

ಡಿಸೆಂಬರ್‌ನಿಂದ ಮೇವರೆಗೆ ಒಣ ಹವೆ. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. ಬೀಚಿನಲ್ಲಿ ಕೆಂಪು ಪಟ್ಟಿ ಬಳಿದ ಮರ ಕಂಡರೆ ದೂರವಿರಿ. ಅದು ಮ್ಯಾಂಚಿನೀಲ್: ಹಣ್ಣು ವಿಷ, ಮಳೆಯಲ್ಲಿ ಅದರಡಿ ನಿಂತರೂ ಮೈ ಬೊಬ್ಬೆ ಏಳುತ್ತದೆ. ಮಿಲಿಟರಿ ಡಿಸೈನಿನ ಬಟ್ಟೆ ಮನೆಯಲ್ಲೇ ಬಿಡಿ. ಅಲ್ಲಿ ಅದನ್ನು ಹಾಕುವುದು ಕಾನೂನುಬಾಹಿರ, ಮಕ್ಕಳಿಗೂ.